ಮುಖವಿಲ್ಲದ ಅರಸನನ್ನು ಬರೆದದ್ದು

ನೈಜೀರಿಯಾದ ಯೊರುಬಾ ಜನರ ಅರಸನ ಚಿತ್ರದಲ್ಲಿ ಮೊದಲು ಬರೆದ ಮುಖವನ್ನು ಕೆರೆದು ತೆಗೆಯಲು ನನಗೆ ಎರಡು ದಿನ ಹಿಡಿಯಿತು. ಅಕ್ರಿಲಿಕ್ ಒಮ್ಮೆ ಒಣಗಿತೆಂದರೆ ಸುಲಭಕ್ಕೆ ಬಿಡುವುದಿಲ್ಲ. ಮರಳು ಕಾಗದ ಹಿಡಿದು, ಕ್ಯಾನ್ವಾಸಿನ ನೂಲು ಕಾಣಿಸುವವರೆಗೆ ತಿಕ್ಕಬೇಕಾಯಿತು. ಕೆಟ್ಟ ಮುಖವೇನಲ್ಲ ಅದು. ನೈಜೀರಿಯಾದ ಇಲೆ-ಇಫೆಯಲ್ಲಿ 1938ರಲ್ಲಿ ಮನೆಗೆ ಪಾಯ ತೋಡುವಾಗ ಸಿಕ್ಕ ಲೋಹದ ತಲೆಗಳ ಚಿತ್ರಗಳನ್ನು ವಾರಗಟ್ಟಲೆ ಎದುರಿಗಿಟ್ಟುಕೊಂಡು ಬರೆದದ್ದು. ಹಣೆಯಿಂದ ಗದ್ದಕ್ಕೆ ಇಳಿಯುವ ನವಿರಾದ ಗೆರೆಗಳು, ಶಾಂತವಾದ ಕಣ್ಣು, ತುಂಬಿದ ತುಟಿ. ಮೇಲೊಂದು ಕಿರೀಟ, ಅದಕ್ಕೆ ಚಿನ್ನದ ರೇಕು.

ಲಾಗೋಸ್‌ನ ಯಾಬಾದಲ್ಲಿ ನನಗೆ ಚೌಕಟ್ಟು ಹಾಕಿಕೊಡುವ ಹಿರಿಯರೊಬ್ಬರಿದ್ದಾರೆ. ಇಜೇಬು ಕಡೆಯ ಯೊರುಬಾ ಜನ. ನಾನು ಅವರನ್ನು ಬಾಬಾ ಎಂದೇ ಕರೆಯುವುದು. ಅಳತೆಗೆಂದು ಮನೆಗೆ ಬಂದವರು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತರು. "ಮುಖ ಇಷ್ಟು ಚೆನ್ನಾಗಿ ಕಾಣುತ್ತಿದೆಯಲ್ಲಮ್ಮ, ಹಾಗಾದರೆ ಇವನು ಅರಸನಲ್ಲ, ಅರಸನ ಯಾರೋ ನೆಂಟ" ಎಂದರು. ನಗಲಿಲ್ಲ.

ಓದಿ ತಿಳಿದಿದ್ದ ವಿಷಯವೇ. ಯೊರುಬಾ ಅರಸ, ಅಂದರೆ ಒಬಾ, ತೊಡುವ ದೊಡ್ಡ ಕಿರೀಟಕ್ಕೆ 'ಅದೇ' ಎಂದು ಹೆಸರು. ಶಂಕುವಿನಾಕಾರ, ಮೈತುಂಬ ಮಣಿ, ಅಂಚಿನಿಂದ ಇಳಿಬಿದ್ದ ಮಣಿಸರಗಳ ಪರದೆ. ಕಿರೀಟ ಏರಿತೆಂದರೆ ಮನುಷ್ಯನ ಮುಖ ಮರೆಯಾಗುತ್ತದೆ. ಕಿರೀಟದ ಮೈಮೇಲೆ ಮಣಿಯಲ್ಲೇ ಹೊಲಿದ ಉಬ್ಬುಗಣ್ಣಿನ ಮುಖ ನಮ್ಮನ್ನು ನೋಡುತ್ತದೆ. ಮೂಲಪುರುಷ ಒಡುದುವಾನ ಮುಖ ಎನ್ನುವವರಿದ್ದಾರೆ, ಹಿಂದಿನ ಅರಸರದು ಎನ್ನುವವರೂ ಇದ್ದಾರೆ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಕೈ ಮುಖವನ್ನೇ ಬರೆದಿತ್ತು. ಮೈಸೂರು ಶೈಲಿಯಲ್ಲಿ ಪಳಗಿದ ಕೈ ಇದು. ಅರಸ ಎಂದೊಡನೆ ಎದುರು ಮುಖ, ದೊಡ್ಡ ಕಣ್ಣು, ಚಿನ್ನದ ರೇಕು ತಾವಾಗಿಯೇ ಬಂದು ಕೂರುತ್ತವೆ.

ರೇಕನ್ನೂ ಕಿತ್ತೆ. ಬೆಲೆ ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಎರಡನೆಯ ಸಲ, ಕುಳಿತ ಅರಸನ ಬದಲು ಕಿರೀಟ ತೊಡಿಸುವ ಗಳಿಗೆಯನ್ನು ಆರಿಸಿಕೊಂಡೆ. ಅರಮನೆಯ ಹಿರಿಯ ಹೆಣ್ಣು ಒಬಾನ ಹಿಂದೆ ನಿಂತು ಕಿರೀಟವನ್ನು ಅವನ ತಲೆಗೆ ಇಳಿಸುತ್ತಾಳೆ. ಹಿಂದಿನಿಂದಲೇ ಏಕೆಂದರೆ ಅರಸ ತನ್ನ ಕಿರೀಟದ ಒಳಗನ್ನು ನೋಡಬಾರದು. ಒಳಗೆ ಶಕ್ತಿಯುಳ್ಳ ವಸ್ತುಗಳಿರುತ್ತವೆ, ನೋಡಿದರೆ ಕಣ್ಣು ಹೋಗುತ್ತದೆ ಎಂದು ನಂಬಿಕೆ. ಕಿರೀಟದ ತುದಿಯಲ್ಲಿ ಕೂರುವ ಹಕ್ಕಿಯೂ ಹಿರಿಯ ತಾಯಂದಿರ ಶಕ್ತಿಯ ಗುರುತೇ. ಹಾಗಾಗಿ ನನ್ನ ಚಿತ್ರದಲ್ಲಿ ಮೇಲಿನಿಂದ ಎರಡು ಕೈ, ನಡುವೆ ಕಿರೀಟ, ಕೆಳಗೆ ಭುಜ. ಅಷ್ಟೇ.

ಮೊದಲ ಕರಡಿನಲ್ಲೇ ಸಿಕ್ಕಿಬಿದ್ದೆ. ಎತ್ತಿ ಹಿಡಿದ ಕಿರೀಟವನ್ನು ಕೆಳಗಿನಿಂದ ನೋಡಿದಂತೆ ಬರೆದಿದ್ದರಿಂದ ಅಂಚಿನ ವೃತ್ತ ಬಾಯಿ ತೆರೆದು, ಅರಸನೇ ನೋಡಬಾರದ್ದನ್ನು ಬಂದವರಿಗೆಲ್ಲ ತೋರಿಸುತ್ತಿತ್ತು. ಒಳಗನ್ನು ಕಪ್ಪು ಬಳಿದು ಮುಚ್ಚಬಹುದಿತ್ತು, ಆದರೆ ಅದು ಕಳ್ಳಾಟ. ನೋಟದ ಮಟ್ಟವನ್ನೇ ಕಿರೀಟದ ಅಂಚಿಗಿಂತ ಮೇಲಕ್ಕೆ ಎತ್ತಿದೆ. ಆಗ ಅಂಚಿನ ಗೆರೆ ಕೆಳಕ್ಕೆ ಬಾಗಿತು, ಒಳಗು ಮರೆಯಾಯಿತು. ಸರಗಳನ್ನು ನೆಟ್ಟಗೆ ಬಿಡದೆ ತುಸು ಓಲಾಡಿಸಿದೆ. ಒಂದೆರಡು ಕಡೆ ಸಂದಿನಲ್ಲಿ ಕಾಣುವುದು ನೆರಳು ಮಾತ್ರ.

ಇನ್ನು ಮಣಿ. ಎಕಿಟಿ ಸೀಮೆಯ ಎಫೊನ್-ಅಲಾಯೆ ಕಿರೀಟ ಮಾಡುವವರಿಗೆ ಹೆಸರಾದ ಊರು. ಅವರು ಸಣ್ಣ ಗಾಜಿನ ಮಣಿಗಳನ್ನು ಮೊದಲು ದಾರಕ್ಕೆ ಪೋಣಿಸಿ, ಆ ಸರವನ್ನು ಬಟ್ಟೆಯ ಮೇಲೆ ಸಾಲುಸಾಲಾಗಿ ಕೂರಿಸಿ ಹೊಲಿಯುತ್ತಾರೆ. ಬಲೊಗುನ್ ಮಾರುಕಟ್ಟೆಯಿಂದ ನಾಲ್ಕು ಬಣ್ಣದ ಮಣಿ ತಂದು ಅಂಗೈ ಅಗಲ ನಾನೂ ಹೊಲಿದು ನೋಡಿದೆ. ಆಮೇಲೆ ನಾನು ಚುಕ್ಕೆಗಳನ್ನು ಎರಚುವುದನ್ನು ಬಿಟ್ಟು ಸಾಲು ಹಿಡಿದು ನಡೆದೆ. ಗಟ್ಟಿ ಅಕ್ರಿಲಿಕ್ ಪೇಸ್ಟಿಗೆ ಬಣ್ಣ ಕಲಸಿ, ಮೆಹಂದಿ ಕೋನಿನಲ್ಲಿ ತುಂಬಿ, ಒಂದೊಂದೇ ಚುಕ್ಕೆ. ಕೋನನ್ನು ನೇರ ಮೇಲಕ್ಕೆ ಎತ್ತಿದರೆ ಚುಕ್ಕೆಗೆ ಬಾಲ ಬರುತ್ತದೆ. ಎತ್ತುವ ಮುನ್ನ ಸಣ್ಣದಾಗಿ ತಿರುವಬೇಕು. ಕ್ಯಾನ್ವಾಸ್ ಮೇಜಿನ ಮೇಲೆ ಮಲಗಿರಬೇಕು, ಇಲ್ಲವಾದರೆ ಮಣಿ ಜಾರಿ ಕಣ್ಣೀರಿನಂತಾಗುತ್ತದೆ. ಪರದೆಗೆ 32 ಸರ, ಸರಕ್ಕೆ ಸುಮಾರು 140 ಚುಕ್ಕೆ. ಡಿಸೆಂಬರಿನಲ್ಲಿ ಸಹಾರಾದ ಕಡೆಯಿಂದ ಹರ್ಮಟಾನ್ ಗಾಳಿ ಬೀಸತೊಡಗಿ ಹಸಿ ಚುಕ್ಕೆಗಳ ಮೇಲೆಲ್ಲ ಧೂಳು ಕೂತಿತು. ಆರು ಸರಗಳನ್ನು ಮತ್ತೆ ಹಾಕಿದೆ.

ಬಣ್ಣದ ಆಯ್ಕೆಗೆ ಯೊರುಬಾ ಭಾಷೆಯೇ ದಾರಿ ತೋರಿತು. ಅಲ್ಲಿ ಬಣ್ಣಗಳಿಗೆ ಮೂರೇ ಮನೆ. ಫುನ್‌ಫುನ್ ಎಂದರೆ ಬಿಳಿ, ಬೆಳ್ಳಿ, ತಣ್ಣಗಿನ ತಿಳಿಬಣ್ಣಗಳು. ಪುಪಾ ಎಂದರೆ ಕೆಂಪು, ಕಿತ್ತಳೆ, ಹಳದಿಯ ಬಿಸಿ. ದುದು ಎಂದರೆ ಕಪ್ಪು, ಕಡುನೀಲಿ, ಹಸಿರು ಎಲ್ಲ ಒಂದೇ ಸೂರಿನಡಿ. ಕಿರೀಟದ ಮುಖವನ್ನು ಪುಪಾದಲ್ಲಿ, ಹಕ್ಕಿಯನ್ನು ಫುನ್‌ಫುನ್‌ನಲ್ಲಿ ಇಟ್ಟು ಉಳಿದದ್ದನ್ನೆಲ್ಲ ದುದುವಿಗೆ ಬಿಟ್ಟೆ.

ಹಿನ್ನೆಲೆಗೆ ಯೊರುಬಾ ಜನರ ಅದಿರೆ ಬಟ್ಟೆಯ ನೀಲಿ. ಮರಗೆಣಸಿನ ಗಂಜಿಯಲ್ಲಿ ಕೋಳಿಪುಕ್ಕ ಅದ್ದಿ ಚಿತ್ತಾರ ಬಿಡಿಸಿ, ನೀಲಿಯಲ್ಲಿ ಮತ್ತೆ ಮತ್ತೆ ಮುಳುಗಿಸಿ ತೆಗೆದು, ಆಮೇಲೆ ಗಂಜಿ ಕೆರೆಯುವುದು ಅವರ ಕ್ರಮ. ನನ್ನ ಕ್ಯಾನ್ವಾಸಿಗೆ ಆಗಲೇ ಪ್ರೈಮರ್ ಬಿದ್ದಿದ್ದರಿಂದ ಅದು ನೀಲಿ ಕುಡಿಯಲಿಲ್ಲ. ಕೊನೆಗೆ ತಿಳಿನೀಲಿಯ ಮೇಲೆ ಗಂಜಿ ಚಿತ್ತಾರ ಒಣಗಿಸಿ, ನೀರು ಸೋಕಿಸದ ಗಟ್ಟಿ ಕಡುನೀಲಿಯನ್ನು ಸ್ಪಂಜಿನಲ್ಲಿ ಒತ್ತಿ, ಮರುದಿನ ಗಂಜಿಯನ್ನು ಉಜ್ಜಿ ತೆಗೆದೆ. ಅಂಚು ಅಲ್ಲಲ್ಲಿ ಒಡೆಯಿತು. ನನಗೆ ಅದೇ ಇಷ್ಟವಾಯಿತು.

ಅದಿರೆಯಲ್ಲಿ 'ಒಲೋಬಾ' ಎಂಬ ಚಿತ್ತಾರವಿದೆ, ಅರಸನುಳ್ಳದ್ದು ಎಂದರ್ಥ. 1935ರ ಬ್ರಿಟಿಷ್ ಅರಸನ ಆಳ್ವಿಕೆಯ ಬೆಳ್ಳಿಹಬ್ಬದ ಕಾಲದ್ದು. ಅದರಲ್ಲಿರುವುದು ಇಂಗ್ಲೆಂಡಿನ ಐದನೆಯ ಜಾರ್ಜ್ ಮತ್ತು ಅವರ ರಾಣಿ ಮೇರಿ. ಹೊರಗಿನ ಅರಸನ ಮುಖವನ್ನು ಬಟ್ಟೆಯ ಮೇಲೆ ಧಾರಾಳವಾಗಿ ಬರೆದ ಜನ, ತಮ್ಮ ಅರಸನ ಮುಖವನ್ನು ಮಣಿಯ ಹಿಂದೆಯೇ ಉಳಿಸಿಕೊಂಡರು. ಆ ಬಟ್ಟೆಯ ಒಂದು ಮೂಲೆಯನ್ನು ನಾನೂ ಎಡಬದಿಯಲ್ಲಿ ಸೇರಿಸಿದ್ದೇನೆ, ಹುಡುಕಿದರೆ ಸಿಗುವಷ್ಟು.

ಬಾಬಾ ಎರಡನೆಯ ಸಲ ಬಂದಾಗ ಅರಸನ ವಿಷಯ ಎತ್ತಲಿಲ್ಲ. ಕೈಗಳನ್ನು ನೋಡಿ, "ಈ ಹೆಂಗಸಿಗೆ ಕಿರೀಟ ಭಾರ ಅನ್ನಿಸುತ್ತಿಲ್ಲವಲ್ಲ" ಎಂದರು. ಹೌದು, ಎಡಗೈಯ ಹೆಬ್ಬೆರಳು ಗಡುಸಾಗಿದೆ, ಭಾರ ಹಿಡಿದ ಬೆರಳಿನಂತಿಲ್ಲ. ನಾಲ್ಕು ಸಲ ತಿದ್ದಿದೆ. ಐದನೆಯ ಸಲ ತಿದ್ದಿದರೆ ಪಕ್ಕದ ಮಣಿಸಾಲು ಹಾಳಾಗುತ್ತದೆಂದು ಹಾಗೆಯೇ ಚೌಕಟ್ಟಿಗೆ ಕೊಟ್ಟೆ.