ಫೋಟೊ ನೋಡಿ ಒಂದು ಗಂಟೆಯ ಆಯಿಲ್ ಸ್ಕೆಚ್

ಕೊಡಗಿನ ಮಳೆಗಾಲದಲ್ಲಿ ಹೊರಗೆ ನಿಂತು ಪೇಂಟ್ ಮಾಡುವುದು ಆಗದ ಮಾತು. ಮೇಲಿಂದ ಮಳೆ, ಕೆಳಗಿಂದ ಜಿಗಣೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮನೆಯೊಳಗೆ ಕೂತು, ಫೋಟೊ ನೋಡಿಯೇ ಆಯಿಲ್ ಸ್ಕೆಚ್, ಅಂದರೆ ಎಣ್ಣೆ ಬಣ್ಣದ ಚುರುಕು ಚಿತ್ರ, ಮಾಡುತ್ತೇನೆ. ಇದನ್ನು ಕೀಳಾಗಿ ಕಾಣುವವರಿದ್ದಾರೆ. ನನಗೆ ಅಂಥ ಮಡಿ ಏನಿಲ್ಲ. ಆದರೆ ಫೋಟೊ ನಾನೇ ತೆಗೆದದ್ದಾಗಿರಬೇಕು. ಆ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿರಬೇಕು. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಚಂದದ ಚಿತ್ರದಿಂದ ನನಗೆ ಕೆಲಸ ಆಗುವುದಿಲ್ಲ.

ಈ ಸಲ ಆರಿಸಿದ್ದು ಕಕ್ಕಬ್ಬೆ ಕಡೆಯ ಫೋಟೊ. ಮುಂದೆ ನಾಟಿ ಆದ ಗದ್ದೆ, ಆಚೆ ಕಾಫಿ ತೋಟ, ಅದರ ಮೇಲೆ ಸಿಲ್ವರ್ ಓಕ್ ಸಾಲು, ಹಿಂದೆ ತಡಿಯಂಡಮೋಳ್. 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಫೋಟೊದಲ್ಲಿ ಮಾತ್ರ ಸಣ್ಣ ಗುಡ್ಡ! ಮೊಬೈಲ್ ಲೆನ್ಸ್ ಅಗಲ ನೋಟದ್ದು, ಹತ್ತಿರದ ಗದ್ದೆಯನ್ನು ಹಿಗ್ಗಿಸಿ ದೂರದ ಬೆಟ್ಟವನ್ನು ಕುಗ್ಗಿಸಿಬಿಡುತ್ತದೆ. ಹಾಗಾಗಿ ಮುಂದಿನ ಗದ್ದೆಯನ್ನು ಅರ್ಧ ಕತ್ತರಿಸಿದೆ, ಬೆಟ್ಟವನ್ನು ಧಾರಾಳವಾಗಿ ಎತ್ತರಿಸಿದೆ. ಅಲ್ಲಿ ನಿಂತಾಗ ಅದು ಹಾಗೇ ಕಂಡಿತ್ತು.

ಬೋರ್ಡ್ ದೊಡ್ಡದು ಬೇಡ. ಹತ್ತು ಇಂಚಿಗೆ ಹನ್ನೆರಡು ಇಂಚಿನ ಕ್ಯಾನ್ವಾಸ್ ಬೋರ್ಡ್ ಸಾಕು. ಅದರ ಮೇಲೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಬಳಿದು, ಬಟ್ಟೆಯಲ್ಲಿ ಒರೆಸುತ್ತೇನೆ. ಎಲ್ಲೆಲ್ಲೂ ಹಸಿರೇ ಇರುವ ನಮ್ಮ ಊರಿನ ಚಿತ್ರಕ್ಕೆ ಅಡಿಯಲ್ಲಿ ಈ ಕೆಂಪು ಇದ್ದರೆ ಹಸಿರಿಗೆ ಜೀವ ಬರುತ್ತದೆ. ಬಿಳಿ ಬೋರ್ಡ್ ಮೇಲೆ ನೇರವಾಗಿ ಶುರು ಮಾಡಿದರೆ ಬಣ್ಣ ಎಷ್ಟು ಗಾಢ ಅನ್ನುವ ಅಂದಾಜೇ ಸಿಗುವುದಿಲ್ಲ.

ಆಮೇಲೆ ಫೋಟೊವನ್ನು ಮೊಬೈಲ್‌ನಲ್ಲೇ ಕಪ್ಪು ಬಿಳುಪು ಮಾಡಿಕೊಂಡು, ಕಣ್ಣು ಕಿರಿದು ಮಾಡಿ ನೋಡುತ್ತೇನೆ. ನಾಲ್ಕೇ ತುಂಡು ಕಾಣಬೇಕು: ಆಕಾಶ, ಬೆಟ್ಟ, ತೋಟ, ಗದ್ದೆ. ಈ ನಾಲ್ಕರ ಆಕಾರವನ್ನು ಚಪ್ಪಟೆ ಬ್ರಷ್‌ನಲ್ಲಿ ತೆಳು ಬಣ್ಣದಿಂದ ಗುರುತು ಮಾಡುತ್ತೇನೆ. ಪೆನ್ಸಿಲ್ ಮುಟ್ಟುವುದಿಲ್ಲ.

ಫೋಟೊ ಜಾಸ್ತಿ ಮೋಸ ಮಾಡುವುದು ನೆರಳಿನಲ್ಲಿ. ಕಾಫಿ ಗಿಡಗಳ ಕೆಳಗಿನ ನೆರಳು ಫೋಟೊದಲ್ಲಿ ಮಸಿ ಕಪ್ಪು. ತೋಟದೊಳಗೆ ಓಡಾಡಿದವರಿಗೆ ಗೊತ್ತು, ಅಲ್ಲಿ ಕಂದು, ನೀಲಿ, ಒಣಗಿದ ಎಲೆಯ ಕೆಂಪು ಎಲ್ಲವೂ ಇರುತ್ತದೆ. ಅದಕ್ಕೇ ನನ್ನ ಪ್ಯಾಲೆಟ್‌ನಲ್ಲಿ ಕಪ್ಪು ಟ್ಯೂಬ್ ಇಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು ಸೇರಿಸಿದರೆ ಬೇಕಾದಷ್ಟು ಗಾಢ ಬಣ್ಣ ಸಿಗುತ್ತದೆ. ಹಸಿರನ್ನೂ ಟ್ಯೂಬ್‌ನಿಂದ ನೇರ ಹಾಕುವುದಿಲ್ಲ, ಪ್ಲಾಸ್ಟಿಕ್ ಗಿಡದ ಹಾಗೆ ಕಾಣುತ್ತದೆ. ತೋಟಕ್ಕೆ ಅಲ್ಟ್ರಾಮರೀನ್ ಮತ್ತು ಯೆಲ್ಲೊ ಓಕರ್ (ಮಣ್ಣಿನ ಹಳದಿ). ಎಳೆ ಪೈರಿಗೆ ಲೆಮನ್ ಯೆಲ್ಲೊ ಜಾಸ್ತಿ, ಜೊತೆಗೆ ಚೂರು ಸಿಯೆನ್ನಾ. ಬೆಟ್ಟಕ್ಕೆ ಹಸಿರೇ ಬೇಡ ಅನ್ನಬಹುದು. ದೂರ ಹೋದಂತೆ ನಡುವಿನ ಗಾಳಿ, ತೇವ ಎಲ್ಲ ಸೇರಿ ಬಣ್ಣ ನೀಲಿಯಾಗುತ್ತದೆ, ಗಾಢ ಬಣ್ಣವೂ ತಿಳಿಯಾಗುತ್ತದೆ. ಹಾಗಾಗಿ ನೀಲಿ, ಬಿಳಿ, ಒಂದು ಚೂರು ಕೆಂಪು, ಅಷ್ಟೇ.

ಮಂಜು ಬರೆಯುವುದು ನನಗೆ ಇಷ್ಟದ ಕೆಲಸ. ಬೆಟ್ಟ ಮತ್ತು ಆಕಾಶದ ಬಣ್ಣ ಎರಡೂ ಹಸಿ ಇರುವಾಗಲೇ, ಒಣ ಬ್ರಷ್‌ನಿಂದ ಅಂಚನ್ನು ಒಂದೆರಡು ಕಡೆ ಎಳೆದು ಕರಗಿಸಬೇಕು. ಇಡೀ ಅಂಚನ್ನು ಕರಗಿಸಬಾರದು, ಬೆಟ್ಟವೇ ಕಾಣೆಯಾಗುತ್ತದೆ. ನಿಧಾನವಾಗಿ ಒಣಗುವುದು ಆಯಿಲ್‌ನ ದೋಷ ಅಂತಾರಲ್ವಾ, ಇಲ್ಲಿ ಅದೇ ಅನುಕೂಲ.

ದಪ್ಪ ಬಣ್ಣ ಕೊನೆಗೆ: ಗದ್ದೆ ನೀರಿನ ಹೊಳಪು, ಸಿಲ್ವರ್ ಓಕ್ ಕಾಂಡದ ಮೇಲಿನ ಬೆಳಕು. ತೆಳು ಮೊದಲು, ಎಣ್ಣೆ ಹೆಚ್ಚಿರುವ ದಪ್ಪ ಬಣ್ಣ ಆಮೇಲೆ. ತಿರುವುಮುರುವಾದರೆ ಮುಂದೆ ಬಿರುಕು ಬಿಡುತ್ತದೆ. ಈ ಹೊತ್ತಿಗೆ ಫೋಟೊವನ್ನು ಮಗುಚಿ ಇಟ್ಟಿರುತ್ತೇನೆ. ನೋಡುತ್ತಾ ಇದ್ದರೆ ಸುಮ್ನೆ ಎಲೆ, ಕಂಬ, ವೈರ್ ಎಲ್ಲ ಸೇರಿಸುವ ಆಸೆ ಹುಟ್ಟುತ್ತದೆ. ಒಂದು ಗಂಟೆ ಆಗುತ್ತಿದ್ದಂತೆ ಬ್ರಷ್ ಕೆಳಗೆ.

ಆಯಿಲ್ ಪೇಂಟ್ ನೀರಿನಂತೆ ಆರುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ಆದ್ದರಿಂದ ಚಿತ್ರವನ್ನು ಬೀರುವಿನಲ್ಲಿ ಮುಚ್ಚಿಡಬೇಡಿ. ನಮ್ಮ ಕಡೆ ಬೂಷ್ಟಿನ ಕಾಟವೂ ಇದೆ. ನಾನು ಅಡುಗೆಮನೆ ಅಟ್ಟದ ಹತ್ತಿರ, ಹೊಗೆ ತಾಗದ ಬೆಚ್ಚಗಿನ ಜಾಗದಲ್ಲಿ ಗೋಡೆಗೆ ಒರಗಿಸುತ್ತೇನೆ. ಬಣ್ಣಕ್ಕೆ ಬಳಸುವ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಒಲೆ ಹತ್ತಿರ ಬಿಡಬೇಡಿ. ಮುದ್ದೆ ಮಾಡಿ ಬಿಸಾಡಿದರೆ ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಹರಡಿ.