ಹಳೆಯ ಚಾಪೆಲ್‌ನ ಭಿತ್ತಿಚಿತ್ರಗಳನ್ನು ಉಳಿಸಿಕೊಳ್ಳುವ ಬಗೆ

ಹಳೆಯ ಚಾಪೆಲ್‌ನ (ಕ್ರೈಸ್ತರ ಪ್ರಾರ್ಥನಾಮಂದಿರದ) ಒಳಗೋಡೆಯ ಚಿತ್ರಗಳು ಮಾಸಿ, ಚಕ್ಕೆ ಎದ್ದು ಉದುರತೊಡಗಿದಾಗ ಕೈ ಮೊದಲು ಬಣ್ಣದ ಡಬ್ಬಿಯತ್ತ ಹೋಗುತ್ತದೆ. ಆದರೆ ಈ ಕೆಲಸದಲ್ಲಿ ಬಣ್ಣದ ಸರದಿ ಬರುವುದು ಕಟ್ಟಕಡೆಗೆ. ಮೊದಲು ಹುಡುಕಬೇಕಾದದ್ದು ನೀರು ಬರುವ ದಾರಿಯನ್ನು. ಚಾವಣಿಯ ಸೋರಿಕೆ, ಕಸ ಕಟ್ಟಿದ ಮಳೆನೀರಿನ ದೋಣಿ, ಗೋಡೆಯ ಬುಡಕ್ಕೆ ಪೇರಿಸಿದ ಮಣ್ಣು, ಇವೆಲ್ಲ ಸರಿಯಾಗುವವರೆಗೆ ಚಿತ್ರವನ್ನು ಮುಟ್ಟಬಾರದು. ಏಕೆಂದರೆ ಗೋಡೆಯೊಳಗೆ ಏರುವ ತೇವ ತನ್ನೊಡನೆ ಲವಣಗಳನ್ನೂ ಹೊತ್ತು ತರುತ್ತದೆ. ನೀರು ಆವಿಯಾಗಿ ಹೋದ ಮೇಲೆ ಅವು ಗಾರೆಯಲ್ಲೇ ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತವೆ. ಗೋಡೆ ನಿಧಾನವಾಗಿ ಒಣಗಲಿ, ತಿಂಗಳುಗಳೇ ಹಿಡಿದರೂ ಸರಿ. ಹೀಟರ್ ಇಟ್ಟು ಅವಸರಿಸಿದರೆ ಆ ಹಾನಿಯನ್ನು ನಾವೇ ಕರೆದು ತಂದಂತೆ.

ಒಣಗುವ ಅವಧಿಯನ್ನು ದಾಖಲೆಗೆ ಬಳಸಿಕೊಳ್ಳಬಹುದು. ಕತ್ತಲಲ್ಲಿ ದೀಪವನ್ನು ಗೋಡೆಯ ಪಕ್ಕಕ್ಕೇ ಹಿಡಿದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಿ ಫೋಟೊ ತೆಗೆದರೆ, ಎದುರಿನ ಬೆಳಕಿನಲ್ಲಿ ಕಾಣದ ಉಬ್ಬು, ಬಿರುಕು, ಹಿಂದಿನವರ ತೇಪೆಗಳೆಲ್ಲ ನೆರಳಾಗಿ ಎದ್ದು ತೋರುತ್ತವೆ. ಬಣ್ಣ ಗಟ್ಟಿಯಾಗಿರುವ ಕಡೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಗಾರೆ ಗೋಡೆಯನ್ನು ಬಿಟ್ಟಿದೆ ಎಂದರ್ಥ, ಅದನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಿ.

ಶುಚಿಗೊಳಿಸುವ ಮೊದಲು ಸಡಿಲವಾದದ್ದನ್ನು ಹಿಡಿದು ನಿಲ್ಲಿಸಬೇಕು. ಉದುರುವಂತಿರುವ ಚಕ್ಕೆಗಳ ಮೇಲೆ ತೆಳುವಾದ ಜಪಾನೀ ಕಾಗದವನ್ನು ಮುಂದೆ ಬಿಡಿಸಲು ಬರುವ ಅಂಟಿನಿಂದ ಅಂಟಿಸಿ, ಟೊಳ್ಳುಗಳೊಳಗೆ ಲವಣಾಂಶ ಕಡಿಮೆಯಿರುವ, ನೀರಿನಲ್ಲೂ ಗಟ್ಟಿಯಾಗುವ ಸುಣ್ಣದ ತಿಳಿಗಾರೆಯನ್ನು ಸಿರಿಂಜಿನಿಂದ ತುಂಬುವುದು ವಾಡಿಕೆ. ಇಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಸಲ್ಲದು. ಅದು ಹಳೆಯ ಗಾರೆಗಿಂತ ಬಿರುಸು, ತೇವವನ್ನು ಹೊರಬಿಡದು, ಸಾಲದ್ದಕ್ಕೆ ತನ್ನದೇ ಲವಣಗಳನ್ನೂ ಸೇರಿಸುತ್ತದೆ. ಹಿಂದಿನ ದುರಸ್ತಿಗಳ ಸಿಮೆಂಟನ್ನು ಚಿತ್ರಕ್ಕೆ ಪೆಟ್ಟಾಗದಂತೆ ಕೆತ್ತಿ ತೆಗೆಯುವುದೇ ಎಷ್ಟೋ ಕಡೆ ಅತ್ಯಂತ ಬೇಸರದ ಕೆಲಸ.

ಶುಚಿಗೊಳಿಸುವಾಗ ಹೆಚ್ಚಿನ ಎಚ್ಚರ ಬೇಕು, ತೆಗೆದದ್ದನ್ನು ಮರಳಿ ಹಚ್ಚಲಾಗದು. ಹಸಿ ಗಾರೆಯ ಮೇಲೆ ಬರೆದ ಬಣ್ಣ ಸುಣ್ಣದೊಂದಿಗೆ ಕಲ್ಲಾಗಿರುತ್ತದೆ. ಆದರೆ ಅಜುರೈಟ್ ಎಂಬ ಖನಿಜದಂತಹ ನೀಲಿಯನ್ನು ಸಾಮಾನ್ಯವಾಗಿ ಒಣಗೋಡೆಯ ಮೇಲೆ ಅಂಟಿನಲ್ಲಿ ಕಲಸಿ ಹಚ್ಚುತ್ತಿದ್ದರು, ಅದು ಒದ್ದೆ ಹತ್ತಿಗೇ ಎದ್ದು ಬರಬಹುದು. ಆದ್ದರಿಂದ ಪ್ರತಿಯೊಂದು ಬಣ್ಣಕ್ಕೂ ಮರೆಯಾದ ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ: ಮೊದಲು ಮೃದುವಾದ ಕುಂಚ, ಆಮೇಲೆ ಒಣ ಸ್ಪಂಜು, ಅದರಿಂದಾಗದಿದ್ದರೆ ಮಾತ್ರ ಶುದ್ಧ ನೀರು ಅಥವಾ ದ್ರಾವಕ. ಹತ್ತಿಯ ತುದಿಗೆ ಮಸಿಯ ಕಪ್ಪಿನ ಬದಲು ನೀಲಿಯೋ ಕೆಂಪೋ ಹತ್ತಿದರೆ ಆ ಕ್ಷಣವೇ ಕೈ ತೆಗೆಯಿರಿ. ವ್ಯಾಟಿಕನ್‌ನ ಸಿಸ್ಟೈನ್ ಚಾಪೆಲ್‌ನಲ್ಲಿರುವ ಮೈಕೆಲಾಂಜೆಲೊನ ಚಿತ್ರಗಳ ಮೇಲೆ 1980ರಿಂದ 1994ರವರೆಗೆ ನಡೆದ ಕೆಲಸದಲ್ಲಿ ಮೇಣದಬತ್ತಿಯ ಮಸಿಯ ಜೊತೆಗೆ, ಹಿಂದಿನ ದುರಸ್ತಿಗಾರರು ಹೊಳಪಿಗೆಂದು ಬಳಿದಿದ್ದ ಪ್ರಾಣಿಜನ್ಯ ಅಂಟನ್ನೂ ತೆಗೆಯಬೇಕಾಯಿತು. ಮೈಕೆಲಾಂಜೆಲೊ ಒಣಗೋಡೆಯ ಮೇಲೆ ಮಾಡಿದ್ದ ತಿದ್ದುಗಳೂ ಅದರೊಡನೆ ಹೋದವೇ ಎಂಬ ಜಗಳ ಇನ್ನೂ ಮುಗಿದಿಲ್ಲ.

ಅಂಚುಗಳ ಚಿನ್ನದ ರೇಕು ಕಪ್ಪಾಗಿ ಕಂಡರೂ ಮಸಿಯ ಕೆಳಗೆ ಹಾಗೆಯೇ ಇರುವುದುಂಟು. ಅದರ ಮೇಲೆ ಕಂಚಿನ ಪುಡಿಯ 'ಗೋಲ್ಡ್ ಪೇಂಟ್' ಬಳಿಯಬೇಡಿ, ಅದು ಕೆಲವೇ ವರ್ಷಗಳಲ್ಲಿ ಕಂದುತ್ತದೆ.

ಚಿತ್ರ ಕಳೆದುಹೋದ ಜಾಗಗಳನ್ನು ಸುಣ್ಣದ ಗಾರೆಯಿಂದ ತುಂಬಿದ ಮೇಲೆ ಬಣ್ಣ ಹಚ್ಚಲು ರೋಮ್‌ನ ಸಂರಕ್ಷಣಾ ಸಂಸ್ಥೆಯಲ್ಲಿ ಚೆಸಾರೆ ಬ್ರಾಂಡಿ ರೂಪಿಸಿದ 'ತ್ರಾತ್ತೆಜ್ಜೊ' ಕ್ರಮ ನನಗೆ ಹೆಚ್ಚು ಒಪ್ಪಿಗೆ. ಸಣ್ಣ ಕುಂಚದಿಂದ ಒತ್ತೊತ್ತಾಗಿ ಎಳೆದ ಲಂಬ ಗೆರೆಗಳು ದೂರಕ್ಕೆ ಒಂದೇ ಬಣ್ಣವಾಗಿ ಕೂಡಿಕೊಳ್ಳುತ್ತವೆ, ಹತ್ತಿರ ಹೋದರೆ ಹೊಸ ಕೆಲಸವೆಂದು ತಿಳಿದುಬಿಡುತ್ತದೆ. ಸುಲಭವಾಗಿ ಅಳಿಸಬಹುದಾದ ಜಲವರ್ಣವನ್ನೇ ಬಳಸಿ. ಪೂರ್ತಿ ಅಳಿದ ಮುಖವನ್ನು ಊಹಿಸಿ ಬರೆಯುವ ಬದಲು ಸಮನಾದ ಮಸುಕು ಬಣ್ಣ ಕೊಟ್ಟು ಬಿಡುವುದು ಮೇಲು.

ಸಾರುವೆ ಬಿಚ್ಚುವ ಮುನ್ನ ಮೊದಲಿನ ಜಾಗಗಳಿಂದಲೇ ಮತ್ತೆ ಫೋಟೊ ತೆಗೆದಿಡಿ. ಮೇಣದಬತ್ತಿಯ ಸ್ಟ್ಯಾಂಡನ್ನು ಗೋಡೆಯಿಂದ ದೂರಕ್ಕೆ ಸರಿಸಿ, ಒಳಗಿನ ತೇವಾಂಶವನ್ನು ಅಳೆಯುತ್ತಿರಿ. ಇದೇ ಕಾರಣಕ್ಕೆ, ಚಿತ್ರಕಾರ ಜಿಯೊತ್ತೊ ಚಿತ್ರಿಸಿದ ಇಟಲಿಯ ಪಾದುವಾದ ಸ್ಕ್ರೊವೆನ್ಯಿ ಚಾಪೆಲ್‌ನಲ್ಲಿ ಒಮ್ಮೆಗೆ 25 ಜನರನ್ನಷ್ಟೇ, ಅದೂ ಗಾಳಿಯನ್ನು ಹದಗೊಳಿಸುವ ಕೋಣೆಯಲ್ಲಿ 15 ನಿಮಿಷ ಕೂರಿಸಿದ ಮೇಲೆ, ಒಳಬಿಡುತ್ತಾರೆ.