ಮೊದಲ ವಾಕ್ಯ ಬಾಯಿಗೆ ಬರಬೇಕು: ವಿದ್ಯಾರ್ಥಿಗಳಿಗೆ ಮಧ್ಯಪ್ರವೇಶದ ತರಬೇತಿ ನಾವು ನಡೆಸುವ ಬಗೆ

ಕಣ್ಣೆದುರು ಯಾರಿಗೋ ಕಿರುಕುಳ ಆಗುತ್ತಿರುವಾಗ ಪಕ್ಕದಲ್ಲಿದ್ದವರು ಏನು ಮಾಡಬಹುದು ಎಂದು ಕಲಿಸುವ ಶಿಬಿರಗಳು ಹೆಚ್ಚಾಗಿ ಭಾಷಣದಲ್ಲೇ ಮುಗಿದುಹೋಗುತ್ತವೆ. ಒಂದೂವರೆ ಗಂಟೆ ಸ್ಲೈಡು, ಹತ್ತು ನಿಮಿಷ ಪ್ರಶ್ನೋತ್ತರ, ಹಾಜರಿ ಸಹಿ. ಸುಮ್ಮನೆ ನೋಡುತ್ತಾ ನಿಲ್ಲಬಾರದು ಎಂಬುದು ವಿದ್ಯಾರ್ಥಿಗೆ ಒಳಗೆ ಬರುವ ಮುಂಚೆಯೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಬಾಯಿ ತೆರೆದು ಮೊದಲು ಏನು ಹೇಳಬೇಕು ಎಂಬುದು. ನಮ್ಮ ತರಬೇತಿಯಲ್ಲಿ ಮೂರರಲ್ಲಿ ಎರಡು ಪಾಲು ಸಮಯ ಆ ಮೊದಲ ವಾಕ್ಯಕ್ಕೇ ಹೋಗುತ್ತದೆ.

ಒಂದು ತಂಡಕ್ಕೆ 20ರಿಂದ 24 ಜನ. ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲು ಪ್ರೇಕ್ಷಕರಾಗಿಬಿಡುತ್ತದೆ, ಕಲಿಸಲು ಹೊರಟಿದ್ದಕ್ಕೆ ನೇರ ವಿರುದ್ಧ. ಬೇರೆ ಬೇರೆ ವಿಭಾಗದಿಂದ ಚದುರಿದಂತೆ ಕರೆತರುವ ಬದಲು ಒಂದೇ ಹಾಸ್ಟೆಲ್ ಮಹಡಿಯವರನ್ನೋ, ಒಂದೇ ಆಟದ ತಂಡದವರನ್ನೋ, ಒಂದೇ ಲ್ಯಾಬಿನವರನ್ನೋ ಕರೆಯುತ್ತೇವೆ. ನಾಳೆ ಘಟನೆ ನಡೆಯುವಾಗ ಜೊತೆಗಿರುವವರು ಅವರೇ. ಒಬ್ಬ ಕಣ್ಣು ಸನ್ನೆ ಮಾಡಿದರೆ ಇನ್ನೊಬ್ಬನಿಗೆ ಅರ್ಥವಾಗಬೇಕು. ನಡೆಸಿಕೊಡುವವರು ಇಬ್ಬರು, ಅವರಲ್ಲಿ ಒಬ್ಬರು ಹಿರಿಯ ವಿದ್ಯಾರ್ಥಿ. ಒಂದೂವರೆ ಗಂಟೆಯ ಎರಡು ಅವಧಿಗಳು, ನಡುವೆ ಒಂದು ವಾರ. ಮೂರು ಗಂಟೆ ಒಟ್ಟಿಗೆ ಮಾಡಿದರೆ ಎರಡನೇ ಭಾಗ ನಿದ್ದೆಯ ಪಾಲು. ಮೇಲಾಗಿ, ಆ ಒಂದು ವಾರದಲ್ಲಿ ಅವರು ಕ್ಯಾಂಟೀನು, ಬಸ್ಸು, ವಾಟ್ಸಾಪ್ ಗುಂಪುಗಳನ್ನು ಬೇರೆ ಕಣ್ಣಿನಿಂದ ನೋಡಿ ಬಂದಿರುತ್ತಾರೆ.

ಶುರು ಮಾಡುವ ಮುಂಚೆ ಹೇಳಲೇಬೇಕಾದ ಮಾತುಗಳಿವೆ. ಕೋಣೆಯಲ್ಲಿ ಕಿರುಕುಳ ಅನುಭವಿಸಿದವರೂ ಇರುತ್ತಾರೆ, ಕೊಟ್ಟವರೂ ಇರುತ್ತಾರೆ ಎಂದುಕೊಂಡೇ ಮಾತಾಡಬೇಕು. ಯಾರು ಬೇಕಾದರೂ ಕಾರಣ ಹೇಳದೆ ಎದ್ದು ಹೋಗಬಹುದು. ಹೊರಗೆ ಆಪ್ತಸಮಾಲೋಚಕರು ಕೂತಿರುತ್ತಾರೆ, ಅವರು ಯಾವ ಬಾಗಿಲಲ್ಲಿದ್ದಾರೆ ಎಂದು ಕೈ ತೋರಿಸಿ ಹೇಳುತ್ತೇವೆ. ಸ್ವಂತ ಘಟನೆಯನ್ನು ಹೆಸರು ಹಿಡಿದು ಹೇಳುವ ಹಾಗಿಲ್ಲ. ಇನ್ನೊಂದು ಮಾತನ್ನು ಬಹಳ ಜನ ಮರೆಯುತ್ತಾರೆ: ದೂರು ಕಿವಿಗೆ ಬಿದ್ದರೆ ಮೇಲಿನವರಿಗೆ ವರದಿ ಮಾಡಲೇಬೇಕೆಂಬ ನಿಯಮ ನಡೆಸಿಕೊಡುವವರ ಮೇಲಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಗುಟ್ಟಾಗಿರುತ್ತದೆ ಎಂದು ನಂಬಿ ಹೇಳಿಕೊಂಡವರಿಗೆ ಆಮೇಲೆ ನಿಯಮ ತೋರಿಸುವುದು ಎರಡನೇ ಏಟು.

ಸಿದ್ಧಾಂತಕ್ಕೆ 15 ನಿಮಿಷ, ಒಂದು ನಿಮಿಷವೂ ಹೆಚ್ಚಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಿಬ್ ಲಾಟಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಪ್ರಕಟಿಸಿದ ಹೊಗೆಯ ಪ್ರಯೋಗ ಇದಕ್ಕೆ ಸಾಕು. ವಿದ್ಯಾರ್ಥಿಗಳು ಕೋಣೆಯಲ್ಲಿ ಕೂತು ಅರ್ಜಿ ತುಂಬುತ್ತಿರುವಾಗ ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗುತ್ತದೆ. ಒಬ್ಬರೇ ಇದ್ದವರಲ್ಲಿ ಶೇ. 75ರಷ್ಟು ಜನ ಎದ್ದು ಹೋಗಿ ತಿಳಿಸಿದರು. ಜೊತೆಯಲ್ಲಿ ಏನೂ ಆಗಿಲ್ಲವೆಂಬಂತೆ ಕೂರಲು ಮೊದಲೇ ಹೇಳಿಸಿಕೊಂಡಿದ್ದ ಇಬ್ಬರಿದ್ದಾಗ ತಿಳಿಸಿದವರು ಶೇ. 10 ಮಾತ್ರ. ಪಕ್ಕದವರ ಮುಖ ನೋಡಿ ಏನೂ ಆಗಿಲ್ಲ ಎಂದು ತೀರ್ಮಾನಿಸುತ್ತೇವೆ. ಅವರೂ ನಮ್ಮ ಮುಖ ನೋಡಿ ಅದನ್ನೇ ಮಾಡುತ್ತಿರುತ್ತಾರೆ. ಲಾಟಾನೆ ಮತ್ತು ಡಾರ್ಲಿಯವರ ಇನ್ನೊಂದು ಪ್ರಯೋಗದಲ್ಲಿ ಇಂಟರ್‌ಕಾಮಿನ ಆ ಕಡೆ ಒಬ್ಬನಿಗೆ ಫಿಟ್ಸ್ ಬಂದಂತೆ ಕೇಳಿಸುತ್ತದೆ. ಕೇಳುತ್ತಿರುವವನು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ. 85 ಜನ ಅದು ಮುಗಿಯುವ ಮುನ್ನವೇ ಸಹಾಯಕ್ಕೆ ಎದ್ದರು, ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಶೇ. 31. ಎದ್ದು ಬರದವರು ಕಲ್ಲುಮನಸ್ಸಿನವರಲ್ಲ. ಅವರ ಕೈ ನಡುಗುತ್ತಿತ್ತು, ಅಂಗೈ ಬೆವೆತಿತ್ತು. ಬಹಳ ಜನ ಸೇರಿದ ಕಡೆ ಹಾವು ಸಾಯದು ಎಂಬ ಗಾದೆ ಗೊತ್ತಿರುವವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗಿಲ್ಲ.

1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಕಿಟ್ಟಿ ಜೆನೊವೀಸ್ ಎಂಬ ಯುವತಿಯ ಕೊಲೆಯ ಕತೆಯನ್ನು ನಾವು ಹೇಳುವುದಿಲ್ಲ. 38 ಜನ ಕಿಟಕಿಯಿಂದ ನೋಡುತ್ತಾ ಸುಮ್ಮನಿದ್ದರು ಎಂಬ ಆ ವರದಿ ಉತ್ಪ್ರೇಕ್ಷೆ ಎಂಬುದು ಈಗ ಗೊತ್ತಿರುವ ವಿಷಯ. ಫೋನಿನಲ್ಲಿ ಹುಡುಕಿದ ವಿದ್ಯಾರ್ಥಿ ಅಲ್ಲೇ ಕೈ ಎತ್ತುತ್ತಾನೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. 'ಯಾರೂ ಬರುವುದಿಲ್ಲ' ಎಂದು ಹೇಳಿದಷ್ಟೂ ಬರದಿರುವುದೇ ರೂಢಿ ಎಂದು ಕಲಿಸಿದಂತಾಗುತ್ತದೆ. ಬದಲಿಗೆ 2019ರ ಒಂದು ಅಧ್ಯಯನ ಹೇಳುತ್ತೇವೆ. ಬ್ರಿಟನ್, ನೆದರ್‌ಲೆಂಡ್ಸ್, ದಕ್ಷಿಣ ಆಫ್ರಿಕಾಗಳ ಒಂದೊಂದು ನಗರದ ಸಿಸಿಟಿವಿಯಲ್ಲಿ ದಾಖಲಾದ 219 ಬೀದಿ ಜಗಳಗಳನ್ನು ನೋಡಿದಾಗ, ಹತ್ತರಲ್ಲಿ ಒಂಬತ್ತು ಕಡೆ ಕನಿಷ್ಠ ಒಬ್ಬರಾದರೂ ನಡುವೆ ಬಂದಿದ್ದರು. ಬರುವವರು ಇದ್ದಾರೆ, ನೀವು ಎರಡನೆಯವರಾದರೂ ಸಾಕು. ಈ ಮಾತಿಗೆ ತಲೆಗಳು ಮೇಲೇಳುತ್ತವೆ.

ಆಮೇಲೆ ಬಿಳಿ ಹಾಳೆಯ ಮೇಲೆ ಐದು ಮೆಟ್ಟಿಲು ಬರೆಸುತ್ತೇವೆ: ಗಮನಕ್ಕೆ ಬಂತು, ಇದು ಸರಿಯಿಲ್ಲ ಅನ್ನಿಸಿತು, ಇದು ನನ್ನ ಕೆಲಸವೂ ಹೌದು ಅನ್ನಿಸಿತು, ಹೇಗೆ ಮಾಡುವುದು ಗೊತ್ತಾಯಿತು, ಮಾಡಿದೆ. ತಾವು ಹಿಂದೆ ಯಾವ ಮೆಟ್ಟಿಲಲ್ಲಿ ನಿಂತುಬಿಟ್ಟಿದ್ದೆವು ಎಂದು ಹೆಸರಿಲ್ಲದೆ ಒಂದು ಗುರುತು ಹಾಕಬೇಕು, ಅಷ್ಟೇ. ಗುರುತುಗಳು ಮೂರು ಮತ್ತು ನಾಲ್ಕರಲ್ಲಿ ಗುಂಪುಗೂಡುತ್ತವೆ. ಮೂರನೆಯದು 'ಊರ ಉಸಾಬರಿ ನನಗ್ಯಾಕೆ', ನಾಲ್ಕನೆಯದು 'ಏನಂತ ಹೇಳಲಿ'. ನಾಲ್ಕು ಸುಲಭವಾದರೆ ಮೂರು ತಾನಾಗಿ ಸಡಿಲವಾಗುತ್ತದೆ ಎಂಬುದು ನಮ್ಮ ನಂಬಿಕೆ. ತಾಲೀಮಿಗೆ ಇಷ್ಟು ಸಮಯ ಕೊಡುವುದು ಅದಕ್ಕೇ.

ಮಾಡಬಹುದಾದದ್ದು ಐದು ಬಗೆ: ನೇರವಾಗಿ ಹೇಳುವುದು, ಗಮನ ಬೇರೆಡೆಗೆ ಸೆಳೆಯುವುದು, ಇನ್ನೊಬ್ಬರನ್ನು ಕರೆಯುವುದು, ಆಮೇಲೆ ಹೋಗಿ ವಿಚಾರಿಸುವುದು, ದಾಖಲಿಸಿಕೊಳ್ಳುವುದು. ನೇರವಾಗಿ ಹೇಳುವುದನ್ನು ನಾವು ಕೊನೆಗೆ ಕಲಿಸುತ್ತೇವೆ. ಮೊದಲೇ ಕಲಿಸಿದರೆ ಮಧ್ಯಪ್ರವೇಶ ಎಂದರೆ ತೋಳೇರಿಸಿ ಎದುರು ನಿಲ್ಲುವುದು ಎಂದು ಕೆಲವರು ಅಂದುಕೊಳ್ಳುತ್ತಾರೆ, ಉಳಿದವರು ಇದು ನಮ್ಮಿಂದಾಗದ ಕೆಲಸ ಎಂದು ಅಲ್ಲೇ ಕೈಬಿಡುತ್ತಾರೆ.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಪಾರ್ಟಿ. ಕುಡಿದು ಕಾಲು ನಿಲ್ಲದ ಒಬ್ಬಳನ್ನು ಒಬ್ಬ ತೋಳು ಹಿಡಿದು ಬಾಗಿಲ ಕಡೆ ನಡೆಸುತ್ತಿದ್ದಾನೆ. ಹೊಸಬರು ಹೋಗಿ ಕೇಳುವುದು 'ಏನಾದರೂ ತೊಂದರೆಯಾ?' ಉತ್ತರ ಕೊಡುವವನು ಅವನೇ: 'ಏನಿಲ್ಲ, ನಾನು ನೋಡಿಕೊಳ್ತೀನಿ.' ಮಾತು ಮುಗಿಯಿತು, ಕೇಳಿದವರು ಹಿಂದಿರುಗಿದರು. ತಪ್ಪಿದ್ದು ಪ್ರಶ್ನೆಯಲ್ಲಿ; ಇಲ್ಲ ಎಂದರೆ ಮುಗಿದುಹೋಗುವ ಪ್ರಶ್ನೆಯನ್ನು, ಅದೂ ಯಾರು ಬೇಕಾದರೂ ಉತ್ತರಿಸುವಂತೆ ಕೇಳಬಾರದು. ಅವಳ ಕಡೆಗೇ ತಿರುಗಿ, ಗೊತ್ತಿದ್ದರೆ ಹೆಸರು ಹಿಡಿದು, ಒಂದು ಕೆಲಸ ಕೊಡಬೇಕು: 'ನಿನ್ನ ಬ್ಯಾಗು ಒಳಗೇ ಉಳಿದಿದೆ, ಬಾ ತಗೊಳ್ಳೋಣ.' ಸುಳ್ಳಾದರೂ ಪರವಾಗಿಲ್ಲ. ಏಳು ಪದ ದಾಟಬಾರದು ಎಂಬುದು ನಮ್ಮ ಅಳತೆ. ಗಾಬರಿಯಲ್ಲಿ ಅದಕ್ಕಿಂತ ಉದ್ದದ ವಾಕ್ಯ ನೆನಪಿಗೆ ಬರುವುದಿಲ್ಲ. ಅವಳು ಜೊತೆಗೆ ಎರಡು ಹೆಜ್ಜೆ ಇಟ್ಟಳೆಂದರೆ ಆಮೇಲೆ ಮೆಲ್ಲಗೆ ಕೇಳಬಹುದು: 'ಅವನು ನಿನಗೆ ಗೊತ್ತಾ? ಯಾರ ಜೊತೆ ಬಂದೆ?'

ನಿಲ್ಲುವ ಜಾಗವನ್ನೂ ಕಲಿಸಬೇಕು. ಇಬ್ಬರ ನಡುವೆ ನುಗ್ಗಬಾರದು, ಅದು ಸವಾಲಿನಂತೆ ಕಾಣುತ್ತದೆ. ಅವಳ ಪಕ್ಕಕ್ಕೆ ಓರೆಯಾಗಿ, ಅವನಿಂದ ಚಾಚಿದ ಕೈಗೆ ಸಿಗದಷ್ಟು ದೂರದಲ್ಲಿ, ಎರಡೂ ಕೈ ಕಾಣುವಂತೆ ನಿಲ್ಲಬೇಕು. ಬಾಗಿಲಿಗೆ ಅಡ್ಡ ನಿಲ್ಲಬಾರದು. ಅವನಿಗೆ ಹೊರಟುಹೋಗಲು ದಾರಿ ಇರಬೇಕು.

ಇನ್ನೊಬ್ಬರನ್ನು ಕರೆಯುವುದಕ್ಕೂ ತಾಲೀಮು ಬೇಕು. 'ಯಾರಾದರೂ ಸೆಕ್ಯುರಿಟಿಗೆ ಹೇಳ್ರೋ' ಎಂದು ಕೂಗಿದರೆ ಯಾರೂ ಹೇಳುವುದಿಲ್ಲ, ಹೊಗೆಯ ಕೋಣೆಯ ಕತೆಯೇ. ಬೆರಳು ತೋರಿಸಿ: 'ನೀಲಿ ಶರ್ಟಿನವರೇ, ನೀವು ಸೆಕ್ಯುರಿಟಿಗೆ ಫೋನ್ ಮಾಡಿ, ಮಾಡಿ ಬಂದು ನನಗೆ ಹೇಳಿ.' ಒಬ್ಬರಿಗೆ ಒಂದೇ ಕೆಲಸ. ಕೊನೆಯ 'ಬಂದು ಹೇಳಿ' ಬಿಟ್ಟರೆ ಅರ್ಧ ಜನ ಫೋನ್ ಕೈಯಲ್ಲಿ ಹಿಡಿದುಕೊಂಡೇ ನಿಂತಿರುತ್ತಾರೆ.

ವಿಡಿಯೋ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಬೇರೆ ಯಾರಾದರೂ ಆಗಲೇ ಸಹಾಯ ಮಾಡುತ್ತಿದ್ದರೆ ಮಾತ್ರ ಮಾಡಿ. ಜಾಗ, ದಿನ, ಹೊತ್ತನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ. ಆಮೇಲೆ ಅದನ್ನು ತೊಂದರೆಗೊಳಗಾದವರಿಗೆ ಕೊಟ್ಟು ಏನು ಮಾಡಬೇಕೆಂದು ಅವರನ್ನೇ ಕೇಳಿ. ಗುಂಪಿಗೆ ಹಾಕಿದರೆ ಅದು ಎರಡನೇ ಕಿರುಕುಳ. ಆಯುಧ ಕಂಡರೆ, ಎದುರಿಗೆ ಹಲವರಿದ್ದು ನೀವು ಒಬ್ಬರೇ ಆಗಿದ್ದರೆ, ಹತ್ತಿರ ಹೋಗಬೇಡಿ. ದೂರದಿಂದ ತುರ್ತು ಸಂಖ್ಯೆಗೆ ಕರೆ ಮಾಡುವುದು ಪೂರ್ಣ ಪ್ರಮಾಣದ ಮಧ್ಯಪ್ರವೇಶವೇ.

ತಾಲೀಮಿನ ಸನ್ನಿವೇಶಗಳನ್ನು ಮೂರು ವಾರ ಮೊದಲೇ ವಿದ್ಯಾರ್ಥಿಗಳಿಂದ ಹೆಸರಿಲ್ಲದ ಚೀಟಿಗಳಲ್ಲಿ ತರಿಸಿಕೊಳ್ಳುತ್ತೇವೆ. ಪ್ರತಿಯೊಂದರಲ್ಲೂ ಎರಡು ವಿವರಗಳನ್ನಾದರೂ ಬದಲಿಸುತ್ತೇವೆ, ಯಾರದ್ದೆಂದು ಗುರುತು ಸಿಗಬಾರದು. ಕಣ್ಣಿಗೆ ರಾಚುವ ಹಲ್ಲೆಯ ದೃಶ್ಯಗಳನ್ನು ಪಕ್ಕಕ್ಕಿಡುತ್ತೇವೆ. ಅಲ್ಲಿ ಏನು ಮಾಡಬೇಕೆಂಬ ಗೊಂದಲ ಕಡಿಮೆ. ಜನ ತಡವರಿಸುವುದು ಇದು ತಮಾಷೆಯೋ ಕಿರುಕುಳವೋ ಎಂದು ತಿಳಿಯದ ಕಡೆ.

ನಾಲ್ವರ ಗುಂಪು: ಕಿರುಕುಳ ಕೊಡುವವರು, ಒಳಗಾಗುವವರು, ನಡುವೆ ಬರುವವರು, ಗಮನಿಸುವವರು. ಒಂದು ಸುತ್ತಿಗೆ 90 ಸೆಕೆಂಡು, ಒಂದೇ ಸನ್ನಿವೇಶ ಮೂರು ಸುತ್ತು. ಮೈ ಮುಟ್ಟುವಂತಿಲ್ಲ. ಕಿರುಕುಳ ಕೊಡುವ ಪಾತ್ರ ನಡೆಸಿಕೊಡುವವರದ್ದೇ. ವಿದ್ಯಾರ್ಥಿಗಳಿಗೆ ಕೊಟ್ಟರೆ ಅತಿ ಅಭಿನಯ, ನಗು, ಕೆಲವೊಮ್ಮೆ ನಿಜವಾದ ಅವಮಾನ. ನಡೆಸಿಕೊಡುವವರು ಇಬ್ಬರೇ ಆದ್ದರಿಂದ ಒಮ್ಮೆಗೆ ಎರಡು ಗುಂಪು ಮಾತ್ರ ನಡೆಯುತ್ತದೆ, ಉಳಿದವರು ತಮ್ಮ ವಾಕ್ಯ ಬರೆದು ಸಿದ್ಧವಾಗುತ್ತಿರುತ್ತಾರೆ. ನಿಧಾನವೇ ಸರಿ. ಗಮನಿಸುವವರ ಚೀಟಿಯಲ್ಲಿ ಮೂರೇ ಪ್ರಶ್ನೆ: ಮೊದಲ ಮಾತು ಎಷ್ಟು ಹೊತ್ತಿಗೆ ಬಂತು, ಯಾರ ಕಡೆಗೆ ಹೇಳಿದರು, ಆಮೇಲೆ ದಾರಿ ತೆರೆದಿತ್ತೇ. ಧ್ವನಿ ಚೆನ್ನಾಗಿತ್ತು, ಧೈರ್ಯ ಇತ್ತು ಎಂಬ ಹೊಗಳಿಕೆ ಬೇಡ. ಮೊದಲ ಸುತ್ತಿನಲ್ಲಿ ಬಾಯಿ ತೆರೆಯಲು 20 ಸೆಕೆಂಡು ತೆಗೆದುಕೊಂಡವರು ಮೂರನೆಯದರಲ್ಲಿ ಐದಕ್ಕೆ ಬಂದರೆ ಆ ದಿನದ ಕೆಲಸ ಆಯಿತು.

ಎರಡನೇ ಅವಧಿ ಪೂರ್ತಿ ಸ್ನೇಹಿತರಿಗೆ. ಅಪರಿಚಿತನನ್ನು ತಡೆಯುವುದಕ್ಕಿಂತ ಜೊತೆಗೆ ಊಟ ಮಾಡುವವನನ್ನು ತಡೆಯುವುದು ಕಷ್ಟ. ವಾಟ್ಸಾಪ್ ಗುಂಪಿನಲ್ಲಿ ಒಬ್ಬಳ ಫೋಟೋ ಹಾಕಿ ಕೊಳಕು ಮಾತಾಡಿದಾಗ ಉದ್ದುದ್ದ ಬುದ್ಧಿವಾದ ಬರೆದರೆ ಅವನಿಗೆ ವಾದಕ್ಕೆ ವಸ್ತು ಸಿಗುತ್ತದೆ. 'ಇದರಲ್ಲಿ ನಗೋದು ಏನಿದೆ, ಬಿಡಿಸಿ ಹೇಳೋ' ಎಂದರೆ ಬಿಡಿಸಿ ಹೇಳುವುದು ಅವನಿಗೇ ಕಷ್ಟವಾಗುತ್ತದೆ. ಮತ್ತೊಬ್ಬರು ತಕ್ಷಣ 'ಹೌದು, ತೆಗೆದುಬಿಡು' ಎಂದು ಸೇರಿಸಬೇಕು. ಈ ಎರಡನೆಯ ಮಾತನ್ನೂ ಜೋಡಿಯಾಗಿ ತಾಲೀಮು ಮಾಡಿಸುತ್ತೇವೆ, ಏಕೆಂದರೆ ಮೊದಲು ಮಾತಾಡಿದವರು ಒಂಟಿಯಾದರೆ ಮುಂದಿನ ಸಲ ಮಾತಾಡುವುದಿಲ್ಲ. ಗಂಡುಮಕ್ಕಳನ್ನು ಆರೋಪಿಗಳಂತೆ ಎದುರು ಕೂರಿಸಿದ ತರಬೇತಿಗಳು ಕೆಡುವುದು ಇಲ್ಲಿಯೇ. ತಡೆಯಬಲ್ಲ ಗೆಳೆಯ ಎಂದು ಕರೆದರೆ ಬರುವವನು, ತಪ್ಪಿತಸ್ಥ ಎಂದು ಕರೆದರೆ ತೋಳು ಕಟ್ಟಿ ಕೂರುತ್ತಾನೆ.

ಆಮೇಲೆ ವಿಚಾರಿಸುವುದನ್ನು ಎಲ್ಲರೂ ಕಡೆಗಣಿಸುತ್ತಾರೆ. ಸಮಯಕ್ಕೆ ಮಾತು ಬರದಿದ್ದವರಿಗೂ ಉಳಿದಿರುವ ದಾರಿ ಇದು: ಅದೇ ದಿನ, ತೊಂದರೆಗೊಳಗಾದವರು ಒಬ್ಬರೇ ಇರುವಾಗ, 'ಆಗ ಆಗಿದ್ದು ನೋಡಿದೆ. ಸರಿಯಿರಲಿಲ್ಲ. ಜೊತೆಗೆ ಬರಲಾ?' ಬೇಡ ಎಂದರೆ ಒತ್ತಾಯ ಬೇಡ. ದೂರು ಕೊಡು ಎಂದು ಹಟ ಹಿಡಿಯುವುದೂ ತಪ್ಪು, ತೀರ್ಮಾನ ಅವರದ್ದು.

ಪರಿಣಾಮ ಅಳೆಯುವಾಗ ತರಬೇತಿಯ ಸಂಜೆಯೇ 'ನೀವು ಮಧ್ಯಪ್ರವೇಶ ಮಾಡುತ್ತೀರಾ' ಎಂದು ಕೇಳಿ ಸಿಗುವ ಅಂಕಗಳಿಗೆ ನಾವು ಬೆಲೆ ಕೊಡುವುದಿಲ್ಲ. ಚಹಾ ಕುಡಿಯುತ್ತಾ ಎಲ್ಲರೂ ಹೌದು ಅನ್ನುತ್ತಾರೆ. ಎಂಟು ವಾರದ ಬಳಿಕ ಕೇಳುವ ಪ್ರಶ್ನೆ ಬೇರೆ: ಈ ಅವಧಿಯಲ್ಲಿ ಏನು ಕಂಡಿರಿ, ಏನು ಮಾಡಿದಿರಿ. 'ಅಂಥ ಸಂದರ್ಭ ಬರಲಿಲ್ಲ' ಎಂಬ ಆಯ್ಕೆ ಇರಲೇಬೇಕು. ಅದಿಲ್ಲದಿದ್ದರೆ ಏನೂ ಕಾಣದವರೂ ಕಂಡು ಸುಮ್ಮನಿದ್ದವರೂ ಒಂದೇ ಲೆಕ್ಕಕ್ಕೆ ಸೇರಿ ಕೋಷ್ಟಕ ಕಸವಾಗುತ್ತದೆ. ಹೆಸರಿನ ಬದಲು ಅವರೇ ಕಟ್ಟಿಕೊಂಡ ಗುರುತಿನ ಅಕ್ಷರಗಳನ್ನು ಬರೆಸಿದರೆ ಅದೇ ವ್ಯಕ್ತಿ ಹಿಂದೆ ತುಂಬಿದ ಹಾಳೆಗೂ ಈ ಹಾಳೆಗೂ ಜೋಡಿ ಹೊಂದಿಸಬಹುದು.

ಕಲಿತದ್ದು ಬೇಗ ತುಕ್ಕು ಹಿಡಿಯುತ್ತದೆ. ಮುಂದಿನ ಸೆಮಿಸ್ಟರಿನಲ್ಲಿ ಅದೇ ತಂಡಕ್ಕೆ 40 ನಿಮಿಷದ ಮರು ತಾಲೀಮು ಇರುತ್ತದೆ. ಅದರಲ್ಲಿ ಸ್ಲೈಡೂ ಇಲ್ಲ, ಪ್ರಯೋಗದ ಕತೆಯೂ ಇಲ್ಲ. ಬಂದು ಕೂರುವ ಮುನ್ನವೇ ಒಂದು ಸನ್ನಿವೇಶ ಓದಿ, ಸಾಲಿನಲ್ಲಿ ಒಬ್ಬೊಬ್ಬರಿಂದಲೂ ಏಳು ಪದದೊಳಗಿನ ವಾಕ್ಯ ಹೇಳಿಸುತ್ತೇವೆ.